ಲ್ಯಾಪ್‌ಹುಂಡಿನ ವಕೀಲ

ಫಿನ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿ, ಅದರಲ್ಲೂ ಹೆಲ್ಸಿಂಕಿ, ಎಸ್ಪೊ, ವಾಂತಾ ನಗರಗಳ ಬಹುಮಹಡಿ ವಸತಿಗಳಲ್ಲಿ, ಕಾನೂನು ಓದದೆ, ಸನದು ಪಡೆಯದೆ, ಫೀಸನ್ನೂ ಕೇಳದೆ ಬದುಕಿನುದ್ದಕ್ಕೂ ವಕೀಲಿ ನಡೆಸುವ ಒಂದು ವರ್ಗದ ಜನರಿದ್ದಾರೆ. ಇವರಲ್ಲಿ ಪ್ರತಿಯೊಬ್ಬರಿಗೂ ಇರುವುದು ಒಬ್ಬನೇ ಕಕ್ಷಿಗಾರ. ಆ ಕಕ್ಷಿಗಾರನಿಗೆ ಕತ್ತಿನ ಸುತ್ತ ಕೇಸರ, ಬೆನ್ನ ಮೇಲಕ್ಕೆ ಬಾಗಿದ ಪೊದೆಬಾಲ, ಕೆಲವೊಮ್ಮೆ ಕಣ್ಣಿನ ಸುತ್ತ ತಿಳಿಬಣ್ಣದ ಉಂಗುರ, ಮತ್ತು ನೆರೆಹೊರೆಯವರು ಹೊರಿಸಿದ ಹಲವಾರು ಆರೋಪಗಳು ಇರುತ್ತವೆ. ಫಿನ್ನರು ಸುವೊಮೆನ್‌ಲಾಪಿನ್‌ಕೊಯ್ರ ಎಂದೂ ಹೊರದೇಶದವರು ಫಿನ್ನಿಶ್ ಲ್ಯಾಪ್‌ಹುಂಡ್ ಎಂದೂ ಕರೆಯುವ ಈ ನಾಯಿ ದೊಡ್ಡದೇನಲ್ಲ. ತಳಿಯ ನಿಯಮಪತ್ರ, ಎಂದರೆ ಆ ತಳಿಯ ನಾಯಿ ಹೇಗಿರಬೇಕೆಂದು ವಿಧಿಸುವ ಅಧಿಕೃತ ದಾಖಲೆ, ಗಂಡಿಗೆ 49 ಸೆಂಟಿಮೀಟರ್, ಹೆಣ್ಣಿಗೆ 44 ಸೆಂಟಿಮೀಟರ್ ಎತ್ತರವನ್ನು ಆದರ್ಶವೆಂದು ಹೇಳುತ್ತದೆ. ಅಷ್ಟು ಎತ್ತರದ ಪ್ರಾಣಿ ಇಡೀ ಸೋಫಾವನ್ನು ಆಕ್ರಮಿಸಿಕೊಳ್ಳುವುದು ಹೇಗೆ ಸಾಧ್ಯವೆಂಬ ಪ್ರಶ್ನೆಗೆ ತುಪ್ಪಳೊಂದೇ ಉತ್ತರ.

ವಕೀಲನ ವಾದಸರಣಿ ಬಹಳ ಸರಳವಾದದ್ದು. (ವಕೀಲ ಎಂಬಲ್ಲಿ ವಕೀಲೆಯೂ ಸೇರಿದ್ದಾಳೆಂದು ತಿಳಿಯತಕ್ಕದ್ದು, ವಾದದ ತೀವ್ರತೆಯಲ್ಲಿ ಅವಳು ಒಂದು ಕೈ ಮೇಲೆ.) ನಾಯಿಯ ಮೇಲೆ ಯಾವ ದೂರು ಬಂದರೂ ಅದನ್ನು ಅಲ್ಲಗಳೆಯುವ ಗೋಜಿಗೆ ಅವನು ಹೋಗುವುದಿಲ್ಲ, ದೂರನ್ನು ಸಂಪೂರ್ಣವಾಗಿ ಒಪ್ಪಿಕೊಂಡು, ದೂರುದಾರರು ದೋಷವೆಂದು ಭಾವಿಸಿದ್ದು ಹಿಮಸಾರಂಗಗಳನ್ನು ಕಾಯುವ ಕಸುಬಿಗೆ ಅತ್ಯಗತ್ಯವಾದ ಗುಣವೆಂದು ಸಾಧಿಸಿ ತೋರಿಸುತ್ತಾನೆ. ಕಕ್ಷಿಗಾರ ಬೆಳೆದದ್ದು ಎಸ್ಪೊದ ಮೂರನೆಯ ಮಹಡಿಯಲ್ಲಿ ಎಂಬುದಾಗಲಿ, ಹಿಮಸಾರಂಗಗಳ ಉತ್ತರದ ನಾಡಾದ ಲ್ಯಾಪ್‌ಲ್ಯಾಂಡಿನ ಮುಖ್ಯ ಪಟ್ಟಣವಾದ ರೊವಾನಿಯೆಮಿ ಅಲ್ಲಿಂದ ರಸ್ತೆಯಲ್ಲಿ ಸುಮಾರು 800 ಕಿಲೋಮೀಟರ್ ದೂರ ಎಂಬುದಾಗಲಿ ಈ ವಾದವನ್ನು ದುರ್ಬಲಗೊಳಿಸುವುದಿಲ್ಲ. ಹಿಮಸಾರಂಗದೊಡನೆ ಆ ನಾಯಿಗಿರುವ ನೇರ ಪರಿಚಯವೆಂದರೆ, ತೆಳುವಾಗಿ ಹೆಚ್ಚಿದ ಅದರ ಮಾಂಸವನ್ನು ಹುರಿದು ಬೇಯಿಸಿ ಹಿಸುಕಿದ ಆಲೂಗಡ್ಡೆ ಮತ್ತು ಲಿಂಗನ್‌ಬೆರಿ ಎಂಬ ಹುಳಿಹಣ್ಣಿನೊಡನೆ ಬಡಿಸುವ ಪೊರೊನ್‌ಕ್ಯಾರಿಸ್ತುಸ್ ಎಂಬ ಖಾದ್ಯ ಒಲೆಯ ಮೇಲಿರುವಾಗ ಬರುವ ವಾಸನೆ. ಆ ವಾಸನೆಗೆ ಅದು ತೋರುವ ಏಕಾಗ್ರತೆಯನ್ನೂ ವಕೀಲ ಕಸುಬಿನ ಪ್ರವೃತ್ತಿಯ ಲೆಕ್ಕಕ್ಕೇ ಸೇರಿಸುತ್ತಾನೆ.

ಇತಿಹಾಸ ಬಹುಮಟ್ಟಿಗೆ ಅವನ ಪಕ್ಷದಲ್ಲಿದೆ. ಸ್ಕ್ಯಾಂಡಿನೇವಿಯ, ಫಿನ್‌ಲ್ಯಾಂಡ್ ಮತ್ತು ರಷ್ಯದ ಉತ್ತರದ ಅಂಚುಗಳಲ್ಲಿ ಬಾಳುವ ಮೂಲನಿವಾಸಿಗಳಾದ ಸಾಮಿ ಜನರು ಇಂಥ ನಾಯಿಗಳನ್ನು ಹಿಂಡು ಕಾಯಲು, ಬಿಡಾರ ಕಾಯಲು ನೂರಾರು ವರ್ಷ ಬಳಸಿದ್ದಾರೆ. ಫಿನ್‌ಲ್ಯಾಂಡಿನ ಕೆನಲ್ ಕ್ಲಬ್ 1945ರಲ್ಲಿ ಇವುಗಳಿಗೆ ಮೊದಲ ನಿಯಮಪತ್ರ ರೂಪಿಸಿ, 1966ರಲ್ಲಿ ಅದನ್ನು ಮರುಪರಿಶೀಲಿಸಿದಾಗ ಗಿಡ್ಡಗೂದಲಿನ ನಾಯಿಯನ್ನು ಲಾಪಿನ್‌ಪೊರೊಕೊಯ್ರ ಎಂಬ ಪ್ರತ್ಯೇಕ ತಳಿಯಾಗಿ ಬೇರ್ಪಡಿಸಿತು, ಮತ್ತು ಉದ್ದಗೂದಲಿನದಕ್ಕೆ ಇಂದಿನ ಅಧಿಕೃತ ಹೆಸರು 1993ರಲ್ಲಿ ದೊರೆಯಿತು. ಇದನ್ನೆಲ್ಲ ಸವಿವರವಾಗಿ ನಿರೂಪಿಸುವ ವಕೀಲ, ಹಿಮದ ಮೇಲೆ ನಾಯಿಯನ್ನು ದಿನವಿಡೀ ಓಡಿಸಬೇಕಾಗಿದ್ದ ಹಿಂಡು ಕಾಯುವವರಲ್ಲಿ ಅನೇಕರು ಗಿಡ್ಡಗೂದಲಿನ ನಾಯಿಯನ್ನೇ ಮೆಚ್ಚಿದರೆಂಬ ಭಾಗ ಬಂದಾಗ ಮಾತ್ರ ಗಡಿಯಾರ ನೋಡಿಕೊಳ್ಳುತ್ತಾನೆ. 1960ರ ದಶಕದಲ್ಲಿ ಲ್ಯಾಪ್‌ಲ್ಯಾಂಡಿಗೆ ಬಂದು ನಾಯಿಗಳ ಕೆಲಸದ ಬಹುಪಾಲನ್ನು ಕಿತ್ತುಕೊಂಡ ಯಂತ್ರಚಾಲಿತ ಹಿಮಬಂಡಿಯ ಬಗ್ಗೆ ಅವನಿಗೆ ವೈಯಕ್ತಿಕ ದ್ವೇಷವಿದೆ.

ಆರೋಪಗಳಲ್ಲಿ ಮೊದಲನೆಯದೂ ನಿತ್ಯನೂತನವಾದದ್ದೂ ಕೂದಲಿನದು. ಲ್ಯಾಪ್‌ಹುಂಡಿನ ಮೈಮೇಲೆ ಎರಡು ಪದರಗಳಿವೆ: ಚರ್ಮಕ್ಕೆ ಅಂಟಿಕೊಂಡು ಗಾಳಿಯನ್ನು ಹಿಡಿದಿಟ್ಟು ಶಾಖ ಕಾಯುವ ಮೆತ್ತನೆಯ ಒಳತುಪ್ಪಳು ಒಂದಾದರೆ, ಅದರ ಮೇಲೆ ನಿಂತು ನೀರನ್ನೂ ಹಿಮವನ್ನೂ ಜಾರಿಸುವ ಉದ್ದನೆಯ ಬಿರುಸು ಹೊರಗೂದಲು ಇನ್ನೊಂದು. ಒಳತುಪ್ಪಳು ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಕಂತೆಕಂತೆಯಾಗಿ ಕಳಚಿಕೊಳ್ಳುತ್ತದೆ. ಹೆಣ್ಣುನಾಯಿಗಳಲ್ಲಿ ಈ ಕಾಲ ಬೆದೆಯ ಚಕ್ರವನ್ನೂ ಹೆರಿಗೆಯನ್ನೂ ಅನುಸರಿಸುವುದರಿಂದ, ಶ್ವಾನಪ್ರದರ್ಶನವೊಂದಕ್ಕೆ ಮುಂಗಡ ಹಣ ಕಟ್ಟಿದ ವಾರದಲ್ಲೇ ನಾಯಿ ‘ಬೆತ್ತಲೆ’ಯಾಗುವುದು ಈ ವಲಯದ ಸಾಮಾನ್ಯ ದುರಂತ. ಆ ವಾರಗಳಲ್ಲಿ ವಕೀಲನ ಮನೆಯ ರೋಬೋಟ್ ಕಸಗುಡಿಸುವ ಯಂತ್ರ ಕೋಣೆಯ ನಡುವೆ ಉಸಿರುಕಟ್ಟಿ ನಿಂತು ಸಹಾಯಕ್ಕಾಗಿ ಕೂಗುತ್ತದೆ, ಲ್ಯಾಪ್‌ಟಾಪಿನ ಫ್ಯಾನು ಬೇರೆ ದನಿಯಲ್ಲಿ ಮೊರೆಯುತ್ತದೆ, ಬೆಣ್ಣೆಯ ಬಟ್ಟಲಿನಲ್ಲಿ ಕೂದಲು ಸಿಕ್ಕರೆ ಮನೆಯವರು ಅದನ್ನು ಮಾತಿಲ್ಲದೆ ಎತ್ತಿಟ್ಟು ತಿನ್ನುವುದನ್ನು ಮುಂದುವರಿಸುತ್ತಾರೆ, ಅತಿಥಿ ಮಾತ್ರ ತನಗೆ ಹಸಿವಿಲ್ಲವೆನ್ನುತ್ತಾನೆ. ಕಪ್ಪು ನಾಯಿ ಸಾಕಿ ಕಪ್ಪು ಪ್ಯಾಂಟು ತೊಟ್ಟರಾಯಿತೆಂದು ಮೊದಲ ವರ್ಷ ಭಾವಿಸಿದ್ದವರು, ಕಪ್ಪು ನಾಯಿಯ ತೊಡೆಯ ಹಿಂದೆಯೂ ಬಾಲದಡಿಯಲ್ಲಿಯೂ ತುಪ್ಪಳು ಬಹಳ ಸಲ ಮಾಸಲು ಬಿಳುಪೆಂಬುದನ್ನು ಎರಡನೆಯ ವರ್ಷ ಕಂಡುಕೊಂಡು, ಆಮೇಲೆ ಕೂದಲೆತ್ತುವ ಅಂಟುರುಳೆಗಳನ್ನು ಸಗಟಾಗಿ ಕೊಂಡು ಕಾರಿನಲ್ಲೊಂದು, ಕಚೇರಿಯ ಡ್ರಾಯರಿನಲ್ಲೊಂದು, ಕೋಟಿನ ಕಿಸೆಯಲ್ಲೊಂದು ಇಟ್ಟುಕೊಳ್ಳುತ್ತಾರೆ.

ಬಾಚುವುದು ಈ ವರ್ಗದ ಸಂಧ್ಯಾವಂದನೆ. ಮೇಲ್ಮೇಲೆ ಕೈಯಾಡಿಸಿದರೆ ಹೊರಗೂದಲು ಹೊಳೆಯುತ್ತದೆಯೇ ಹೊರತು ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಒಳತುಪ್ಪಳು ಗಂಟುಕಟ್ಟುತ್ತಲೇ ಇರುವುದರಿಂದ, ಕೂದಲನ್ನು ಗೆರೆಗೆರೆಯಾಗಿ ಬಿಡಿಸಿ ಚರ್ಮ ಕಾಣುವವರೆಗೆ ಹಲ್ಲಿಳಿಸಬೇಕೆಂದು ಅವನು ಬಂದವರಿಗೆಲ್ಲ ಕೈಹಿಡಿದು ಕಲಿಸುತ್ತಾನೆ. ಬೇಸಿಗೆಯಲ್ಲಿ ಬೋಳಿಸಿಬಿಟ್ಟರೆ ನಾಯಿಗೂ ಹಾಯಲ್ಲವೇ ಎಂದು ಯಾರಾದರೂ ಸದ್ಭಾವನೆಯಿಂದ ಕೇಳಿದರೆ ಅವನ ಮುಖ ಕೆಂಪಾಗುತ್ತದೆ. ತುಪ್ಪಳು ಚಳಿಯನ್ನು ತಡೆಯುವಂತೆಯೇ ಬಿಸಿಲನ್ನೂ ತಡೆಯುತ್ತದೆ, ಕತ್ತರಿಸಿದ ಮೇಲೆ ಒಳತುಪ್ಪಳು ಬೇಗ ಬಂದು ಹೊರಗೂದಲು ನಿಧಾನವಾಗಿ ಬರಬಹುದು, ಕೆಲವೊಮ್ಮೆ ಮೊದಲಿನಂತೆ ಬಾರದೆಯೂ ಇರಬಹುದು ಎಂಬ ಅವನ ವಿವರಣೆ ಸತ್ಯವಾದದ್ದೇ. ಆದರೆ ಅದನ್ನು ಅವನು ಹೇಳುವ ದನಿ ಕೊಲೆಯತ್ನದ ಮೊಕದ್ದಮೆಗೆ ತಕ್ಕದ್ದು.

ನಾಯಿಯನ್ನು ಹಸ್ಕಿ ಎಂದು ಕರೆಯುವುದು ಇದಕ್ಕಿಂತಲೂ ಘೋರವಾದ ಅಪರಾಧ. ಎಸ್ಪೊದ ಸಾಫ್ಟ್‌ವೇರ್ ಕಚೇರಿಗಳಿಗೆಂದು ಬಂದು ನೆಲೆಸಿದ ಕನ್ನಡಿಗರು, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಏಸಿಯ ಕೆಳಗೆ ಮಲಗುವ ಹಸ್ಕಿಗಳನ್ನು ಕಂಡವರಾದ್ದರಿಂದ, ಲಿಫ್ಟಿನಲ್ಲಿ ಈ ನಾಯಿ ಎದುರಾದಾಗ ಅದೇ ಹೆಸರನ್ನು ಪ್ರೀತಿಯಿಂದ ಉಚ್ಚರಿಸುವ ಸಂಭವ ಹೆಚ್ಚು. ಹಾಗೆ ಉಚ್ಚರಿಸಿದವರು ತಮ್ಮ ಮಹಡಿ ಬಂದರೂ ಇಳಿಯಲಾಗದೆ, ಹಸ್ಕಿ ಗಾಡಿ ಎಳೆಯುವ ನಾಯಿ, ಲ್ಯಾಪ್‌ಹುಂಡ್ ಹಿಂಡು ನಡೆಸುವ ನಾಯಿ, ಒಂದಕ್ಕೆ ಬೇಕಾದದ್ದು ದೂರ ಓಡುವ ಹುಮ್ಮಸ್ಸು, ಇನ್ನೊಂದಕ್ಕೆ ಬೇಕಾದದ್ದು ಎಲ್ಲರೂ ಎಲ್ಲಿದ್ದಾರೆಂಬ ಎಚ್ಚರ ಎಂಬ ಉಪನ್ಯಾಸವನ್ನು ಬಾಗಿಲಿಗೆ ಕಾಲು ಅಡ್ಡಕೊಟ್ಟ ವಕೀಲನಿಂದ ಕೇಳಬೇಕಾಗುತ್ತದೆ.

ಎರಡನೆಯ ಆರೋಪ ಬೊಗಳುವಿಕೆ. ಫಿನ್‌ಲ್ಯಾಂಡಿನ ಬಹುಮಹಡಿ ವಸತಿಗಳನ್ನು ಅಲ್ಲಿನ ಮನೆಗಳ ಮಾಲೀಕರೇ ಪಾಲುದಾರರಾಗಿರುವ ವಸತಿ ಕಂಪನಿ ನಡೆಸುತ್ತದೆ; ಅದರ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ, ಚಾವಣಿ ದುರಸ್ತಿ, ಸೌನಾದ (ಬಿಸಿಹಬೆಯ ಸ್ನಾನಗೃಹದ) ಸರದಿಗಳ ಬಳಿಕ ವಿಷಯ ನಾಯಿಯತ್ತ ತಿರುಗುವುದು ವಕೀಲನಿಗೆ ಮೊದಲೇ ಗೊತ್ತಿರುವುದರಿಂದ ಅವನು ಸಿದ್ಧವಾಗಿಯೇ ಬಂದಿರುತ್ತಾನೆ. ಕುರಿ ಕಾಯುವ ಬಾರ್ಡರ್ ಕಾಲಿ ದಿಟ್ಟಿಸಿ ನೋಡಿಯೇ ಕುರಿಯನ್ನು ಸರಿಸಬಲ್ಲದು, ಆದರೆ ಬಯಲಲ್ಲಿ ಚದುರಿದ, ಅರೆಕಾಡುಪ್ರಾಣಿಯಾದ ಹಿಮಸಾರಂಗವನ್ನು ಒಟ್ಟುಗೂಡಿಸಲು ದನಿಯೇ ಬೇಕು, ಆದ್ದರಿಂದ ಬೊಗಳುವುದೆಂದರೆ ಅದಕ್ಕೆ ದುಡಿಯುವುದು ಎಂದು ಅವನು ವಿವರಿಸುವಾಗ, ರಾತ್ರಿ ಪಾಳಿ ಮುಗಿಸಿ ಬಂದ ಎರಡನೆಯ ಮಹಡಿಯ ದಾದಿ, ಆ ದುಡಿಮೆ ಬೆಳಗಿನ ಏಳಕ್ಕೇ ಏಕೆ ಆರಂಭವಾಗಬೇಕೆಂದು ಕೇಳುತ್ತಾಳೆ. ಸೌಟು ಬಿದ್ದ ಸದ್ದಿಗೆ ನಾಯಿ ಮಾರುದೂರ ಹಾರಿ ಮರುಕ್ಷಣವೇ ಏನೂ ಆಗದಂತೆ ಹಿಂತಿರುಗುವುದಕ್ಕೂ ಸಿದ್ಧ ಉತ್ತರವಿದೆ: ಸಾರಂಗ ಹಠಾತ್ತನೆ ಕೊಂಬು ತಿರುಗಿಸಿದಾಗ ಅಥವಾ ಗೊರಸು ಬೀಸಿದಾಗ ಹಾರಿ ತಪ್ಪಿಸಿಕೊಂಡು, ಹೆದರಿ ಓಡದೆ ಮತ್ತೆ ಕೆಲಸಕ್ಕೆ ಮರಳುವ ಈ ಗುಣ ತಳಿಯಲ್ಲಿ ಬೇರೂರಿದೆ. ವಿಚಿತ್ರವೆಂದರೆ ಇದೂ ನಿಜ. ಈ ವಕೀಲನ ಎದುರು ಸೋಲುವವರು ಅವನ ಸುಳ್ಳುಗಳಿಂದ ಸೋಲುವುದಿಲ್ಲ.

ಚಳಿಗಾಲ ಅವನ ಸುಗ್ಗಿ. ಇಡೀ ಓಣಿ ಬಾಗಿಲು ಮುಚ್ಚಿಕೊಂಡಾಗ ಅವನೊಬ್ಬನೇ ಬಯಲಿನಲ್ಲಿ ನಿಂತಿರುತ್ತಾನೆ, ಏಕೆಂದರೆ ಕಕ್ಷಿಗಾರನಿಗೆ ಹಿಮದ ಮೇಲೆ ಮಲಗುವ ಮನಸ್ಸಾಗಿದೆ. ಮನೆಗೆ ಮರಳಿದ ಮೇಲೆ ಕಾಲುಗಳ ಝಾಲರಿಯಲ್ಲೂ ಬೆರಳಸಂದಿನಲ್ಲೂ ಉಂಡೆಗಟ್ಟಿದ ಹಿಮವನ್ನು ಸ್ನಾನದ ಮನೆಯಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟು ಕರಗಿಸುತ್ತ ಕೂರುವಾಗ, ಗಿಡ್ಡಗೂದಲಿನ ತಳಿಯನ್ನು ಮೆಚ್ಚಿದ ಉತ್ತರದವರ ವಿವೇಕ ಅವನಿಗೆ ಹೊಳೆಯುವುದುಂಟು, ಆದರೆ ಅದನ್ನು ಸಾಕ್ಷಿಗಳ ಎದುರು ಒಪ್ಪಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನಾಯಿ ಸ್ನಾನದ ಮನೆಯ ತಣ್ಣನೆಯ ಹಾಸುಗಲ್ಲಿಗೆ ಬಿಡಾರ ಬದಲಿಸುತ್ತದೆ, ಮನೆಯವರು ಅದನ್ನು ದಾಟಿಕೊಂಡು ಹಲ್ಲುಜ್ಜುತ್ತಾರೆ.

ಇಷ್ಟೆಲ್ಲ ನಗೆಗೀಡಾದರೂ ಅವನು ಒಂದು ವಿಷಯದಲ್ಲಿ ಗೌರವಕ್ಕೆ ಅರ್ಹ. ಕಣ್ಣಿನ ಪರದೆ ಕ್ರಮೇಣ ಸವೆದು ಕುರುಡಾಗುವ ರೋಗ, ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಂಗ್ರಹಿತ ಸಕ್ಕರೆ ಸೇರಿಕೊಂಡು ಎಳವೆಯಲ್ಲೇ ಸಾವು ತರುವ ಪೋಂಪೆ ಕಾಯಿಲೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು. ಇವೆರಡಕ್ಕೂ ಜೀನ್ ಪರೀಕ್ಷೆಗಳು ಬಂದಿರುವುದರಿಂದ, ತಂದೆತಾಯಿಗಳ ಪರೀಕ್ಷೆಯ ಫಲಿತಾಂಶ ನೋಡದೆ ಅವನು ಮರಿ ಕೊಳ್ಳುವುದಿಲ್ಲ. ಕೆನಲ್ ಕ್ಲಬ್ಬಿನ ಸಾರ್ವಜನಿಕ ದಾಖಲೆಗಳಿಂದ ತನ್ನ ನಾಯಿಯ ಐದು ತಲೆಮಾರನ್ನು ಬಾಯಿಪಾಠ ಮಾಡಿರುವ ಅವನಿಗೆ ತನ್ನ ಸ್ವಂತ ಮುತ್ತಜ್ಜಿಯ ಹೆಸರು ನೆನಪಿರಬೇಕೆಂದು ನಿರೀಕ್ಷಿಸುವುದು ಅತಿಯಾದೀತು.

ಜೂನ್ ಕೊನೆಯ ಯುಹಾನ್ನುಸ್ ಹಬ್ಬಕ್ಕೆ, ಎಂದರೆ ಸೂರ್ಯ ಮುಳುಗಿಯೂ ಕತ್ತಲಾಗದ ಮಧ್ಯಬೇಸಿಗೆಯ ಸಂಭ್ರಮಕ್ಕೆ, ಬಂಧುಗಳೆಲ್ಲ ಸರೋವರದ ದಡದ ಬೇಸಿಗೆಮನೆಯಲ್ಲಿ ಸೇರಿದಾಗ ಕಕ್ಷಿಗಾರನ ಕಸುಬು ಕಣ್ಣಿಗೆ ಕಾಣುವಂತೆ ಪ್ರಕಟವಾಗುತ್ತದೆ. ಮಾರ್ಚ್ 1ರಿಂದ ಆಗಸ್ಟ್ 19ರವರೆಗೆ ನಾಯಿಯನ್ನು ಹಗ್ಗದಲ್ಲಿ ಅಥವಾ ತಕ್ಷಣ ಹಗ್ಗ ಹಾಕಬಲ್ಲಷ್ಟು ಹತ್ತಿರದಲ್ಲಿ ಇಟ್ಟುಕೊಳ್ಳಬೇಕೆಂಬ ಬೇಟೆ ಕಾಯಿದೆಯ ನಿಯಮ ಇರುವುದರಿಂದ ಅದು ಕಾಡಿಗೆ ನುಗ್ಗುವಂತಿಲ್ಲ; ಹಾಗಾಗಿ ಅಂಗಳದಲ್ಲೇ, ಸೌನಾದಿಂದ ನೀರಿಗೆ ಓಡುವ ಮಕ್ಕಳನ್ನು ಅಡ್ಡಗಟ್ಟಿ, ಗುಂಪಿನಿಂದ ದೂರ ಹೋಗಿ ಫೋನಿನಲ್ಲಿ ಮಾತನಾಡುವ ಚಿಕ್ಕಪ್ಪನನ್ನು ಬೊಗಳಿ ಕರೆತಂದು, ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತ ಮೇಲಷ್ಟೇ ಅದು ಮಲಗುತ್ತದೆ. ಆ ಹಿಂಡಿನಲ್ಲಿ ಎಲ್ಲರಿಗಿಂತ ಮೊದಲು, ಕರೆಯುವ ಮುಂಚೆಯೇ ಬಂದು ಕುಳಿತಿರುವವನು ವಕೀಲ.

ಬಾಚಿ ತೆಗೆದ ಒಳತುಪ್ಪಳನ್ನು ಅವನು ಎಸೆಯುವುದಿಲ್ಲ. ಕಾಗದದ ಚೀಲಗಳಲ್ಲಿ ಅದನ್ನು ವರ್ಷಗಟ್ಟಲೆ ಕೂಡಿಟ್ಟು, ನಾಯಿಯ ಕೂದಲಿಗೆ ಹಿಗ್ಗುವ ಗುಣ ಕಡಿಮೆಯಾದ್ದರಿಂದ ಕುರಿಯ ಉಣ್ಣೆ ಬೆರೆಸಿ ನೂಲಿಸಿ, ಬಹಳ ಬೆಚ್ಚಗಿನ, ಒದ್ದೆಯಾದರೆ ಮೂಲವನ್ನು ನೆನಪಿಸುವ ದಾರ ಪಡೆಯುತ್ತಾನೆ. ಸ್ವೆಟರಿನ ಎದೆ, ಬೆನ್ನು ಮುಗಿದು ತೋಳುಗಳಿಗೆ ದಾರ ಸಾಲದೆ ಬಂದ ಹೊತ್ತಿನಲ್ಲೇ ತಳಿಗಾರರೊಬ್ಬರ ಮನೆಯಲ್ಲಿ ಮರಿಗಳು ಹುಟ್ಟಿದ ಸುದ್ದಿ ಬರುತ್ತದೆ. ಎರಡನೆಯ ನಾಯಿಯ ವಿರುದ್ಧ ಸಂಗಾತಿ ಒಡ್ಡುವ ಆಕ್ಷೇಪಣೆಗಳಲ್ಲಿ ಮೊದಲನೆಯದು ಮನೆ ತುಂಬಿರುವ ಕೂದಲು. ವಕೀಲ ಅದನ್ನು ಅಕ್ಷರಶಃ ಒಪ್ಪಿಕೊಂಡು, ತೋಳಿಲ್ಲದ ಸ್ವೆಟರನ್ನು ಸಾಕ್ಷ್ಯವಾಗಿ ಮೇಜಿನ ಮೇಲೆ ಹರಡುತ್ತಾನೆ.