ಒಣಗಿತಾ?

ಗೋಡೆಯ ಮೇಲೆ 'ಹಸಿ ಬಣ್ಣ, ಮುಟ್ಟಬೇಡಿ' ಎಂದು ಚೀಟಿ ಅಂಟಿಸುವವರು ಮನುಷ್ಯನನ್ನು ಅರಿಯದವರು. ಚೀಟಿ ಇಲ್ಲದಿದ್ದರೆ ಹತ್ತರಲ್ಲಿ ಒಂಬತ್ತು ಜನ ಆ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಓದಿದ ಮೇಲೆ ಹಸಿ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳದೆ ಹೆಜ್ಜೆ ಕೀಳುವುದು ಹೇಗೆ? ತೋರುಬೆರಳು ತಾನಾಗಿಯೇ ಏಳುತ್ತದೆ. ಮುಟ್ಟಿ, ಬೆರಳು ನೋಡಿಕೊಂಡು, 'ಹೌದು, ಹಸಿ' ಎಂದು ಚೀಟಿ ಬರೆದವನ ಪ್ರಾಮಾಣಿಕತೆಗೆ ಸರ್ಟಿಫಿಕೇಟು ಕೊಟ್ಟು, ಬೆರಳನ್ನು ಪಕ್ಕದ ಕಂಬಕ್ಕೆ ಒರೆಸಿ ಮುಂದೆ ಹೋಗುತ್ತೇವೆ.

ನಮ್ಮ ಹಿಂದೂಪುರದ ಕಡೆಯವರಿಗೆ ಈ ಗುಣ ಒಂದು ತೂಕ ಜಾಸ್ತಿ. ಕಾರಣ, ಹತ್ತಿರದಲ್ಲೇ ಲೇಪಾಕ್ಷಿ ಇದೆ. ಅಲ್ಲಿನ ವೀರಭದ್ರ ದೇವಸ್ಥಾನದ ನಾಟ್ಯಮಂಟಪದ ಕಂಬಗಳ ಮೇಲೆ ತುಂಬುರು ವೀಣೆ ನುಡಿಸುತ್ತಾನೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ರಂಭೆ ಕುಣಿಯುತ್ತಾಳೆ. ತಲೆಯೆತ್ತಿದರೆ ವಿಜಯನಗರದ ಕಾಲದ ಚಿತ್ರಗಳು. ಆದರೆ ಜನ ಜಮಾಯಿಸುವುದು ನೆಲಕ್ಕೆ ಪೂರ್ತಿ ಊರದ ಆ ಒಂದು ಕಂಬದ ಬುಡದಲ್ಲಿ. ಟವೆಲ್ಲೋ ವೇಲೋ ಆ ಸಂದಿನಲ್ಲಿ ತೂರಿಸಿ ಎಳೆಯದ ಹೊರತು ಯಾತ್ರೆ ಸಂಪೂರ್ಣವಾಗುವುದಿಲ್ಲ. ಮುಂದಿನವನು ಎಳೆದದ್ದನ್ನು ಕಣ್ಣಾರೆ ಕಂಡವನೂ ತಾನೊಮ್ಮೆ ಎಳೆಯಲೇಬೇಕು. ಬ್ರಿಟಿಷರ ಕಾಲದ ಇಂಜಿನಿಯರನೊಬ್ಬ ಇದರ ಗುಟ್ಟು ತಿಳಿಯಲು ಕಂಬವನ್ನೇ ಸರಿಸಲು ಹೋಗಿದ್ದನೆಂದು ಗೈಡುಗಳು ಇವತ್ತಿಗೂ ಕಥೆ ಹೇಳುತ್ತಾರೆ. ಪಾಪ, ಅವನಿಗೂ ಈ ನೀರು ಹತ್ತಿತ್ತು.

ಇಂಥ ಸೀಮೆಯಲ್ಲಿ ಹುಟ್ಟಿದ ನನ್ನ ಅಕ್ಕನ ಮಗ, ಮನೆಯಲ್ಲೇ ಗಿಟಾರಿಗೆ ಸ್ಪ್ರೇ ಪೇಂಟ್ ಮಾಡುತ್ತೇನೆಂದು ಹೊರಟ. ಬೆಂಗಳೂರಿನಲ್ಲಿ ಯಾರದೋ ಕೈಯಿಂದ ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರು. ಕತ್ತು ಬೇರೆ, ಮೈ ಬೇರೆ ಬಿಚ್ಚಿಟ್ಟು, ಸ್ಕ್ರೂಗಳನ್ನು ಅಕ್ಕನ ಸಾಸಿವೆ ಡಬ್ಬಿಗೆ ತುಂಬಿ, ಉಳಿದ ಹಲಗೆಯನ್ನು ಹಜಾರದ ಮಧ್ಯೆ ಇಟ್ಟ. ಅಕ್ಕನ ಅತ್ತೆ ಅದನ್ನು ಸುತ್ತು ಹಾಕಿ ನೋಡಿ, "ಇದೇನಪ್ಪ, ಈಳಿಗೆಮಣೆನಾ?" ಅಂದರು.

ಕೆಂಪು ಬಣ್ಣವೇ ಬೇಕೆಂದು ಅಳಿಯರಾಯನ ಹಟ. ಅದಕ್ಕೆ ಅವನಲ್ಲಿ ಚರಿತ್ರೆಯ ಆಧಾರವೂ ಇತ್ತು. ಒಂದು ಕಾಲದಲ್ಲಿ ಕಾರಿಗೆ ಬಣ್ಣ ಹಚ್ಚಿ ಒಣಗಿಸುವುದು ವಾರಗಟ್ಟಲೆ ಕೆಲಸ. ಅಮೆರಿಕದ ಡ್ಯುಪಾಂಟ್ ಕಂಪನಿ 1923ರ ಸುಮಾರಿಗೆ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದ ಮೇಲೆ ಅದು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಮುಂದೆ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್, 1954ರಲ್ಲಿ ಸ್ಟ್ರಾಟೊಕಾಸ್ಟರ್ ಗಿಟಾರ್ ತಂದವನು, ಬೇರೆ ಬಣ್ಣ ಕೇಳಿದ ಗಿರಾಕಿಗಳಿಗೆ ಈ ಕಾರಿನ ಬಣ್ಣಗಳನ್ನೇ ಹೊಡೆಸಿ ಶೇಕಡಾ 5ರಷ್ಟು ಹೆಚ್ಚು ಹಣ ಪಡೆದ. ಹೆಸರಾಂತ 'ಫಿಯೆಸ್ಟಾ ರೆಡ್' 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದು. ಹಾಗೆ ನೋಡಿದರೆ ಗಿಟಾರೂ ಕಾರೂ ದಾಯಾದಿಗಳು. ನಮ್ಮೂರಿನ ಗಾಡ್ರೇಜು ಬೀರು ಕೂಡ ಅದೇ ವಂಶ, ಪೇಂಟರುಗಳು ಇಂದಿಗೂ 'ಡೂಕೋ ಹೊಡೀಲಾ ಸಾರ್?' ಎಂದೇ ಕೇಳುತ್ತಾರೆ. ಇನ್ನು ಸ್ಪ್ರೇ ಡಬ್ಬಿ. 1949ರಲ್ಲಿ ಇಲಿನಾಯ್ಸ್‌ನ ಎಡ್ವರ್ಡ್ ಸೀಮೋರ್ ಬಣ್ಣವನ್ನು ಒತ್ತುಡಬ್ಬಿಗೆ ತುಂಬಿದ. ಉಪಾಯ ಹೇಳಿಕೊಟ್ಟವಳು ಹೆಂಡತಿ ಬಾನಿ. ಹೆಸರು ಮಾತ್ರ ಗಂಡನದು. ಇದು ಎಲ್ಲ ಊರಿನ ಪದ್ಧತಿ.

ಈ ಕೆಲಸದಲ್ಲಿ ಬಣ್ಣ ಹೊಡೆಯುವುದು ವೀಳ್ಯದೆಲೆಗೆ ಸುಣ್ಣ ಸವರಿದಷ್ಟು ಹೊತ್ತು. ಉಳಿದದ್ದೆಲ್ಲ ಉಜ್ಜುವುದು ಮತ್ತು ಕಾಯುವುದು. 120ರ ಎಮೆರಿ ಪೇಪರಿನಲ್ಲಿ ಹಳೆಯ ಬಣ್ಣ ಕೆರೆಯಬೇಕು, 220, 320ರಲ್ಲಿ ನುಣುಪು ತರಬೇಕು, ತಗ್ಗಿಗೆ ಪುಟ್ಟಿ ತುಂಬಬೇಕು, ಮತ್ತೆ ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ವಾಟರ್ ಪೇಪರಿನಲ್ಲಿ ಅದನ್ನೂ ಉಜ್ಜಬೇಕು. ಆಮೇಲೆ ಡಬ್ಬಿಯನ್ನು ಗಡಗಡ ಅಲುಗಿಸಿ, ಗೇಣು ದೂರದಲ್ಲಿ ಹಿಡಿದು, ಹಲಗೆಯ ಅಂಚಿಗಿಂತ ಮೊದಲೇ ಒತ್ತಿ, ಅಂಚು ದಾಟಿದ ಮೇಲೆ ಬಿಡಬೇಕು. ಹತ್ತಿರ ಹಿಡಿದರೆ ಬಣ್ಣ ಇಳಿದು ಜೋತುಬೀಳುತ್ತದೆ, ದೂರ ಹಿಡಿದರೆ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಒಂದೇ ಸಲ ದಪ್ಪ ಬಳಿಯದೆ, ತೆಳ್ಳಗೆ ಒಂದರ ಮೇಲೊಂದು ಕೋಟು, ನಡುವೆ ಕಾಯುವುದು.

ಕಾಯುವುದು ಎಂದೆನಲ್ಲ, ಬೆರಳುಗಳು ಎದ್ದದ್ದು ಅಲ್ಲೇ.

ಲ್ಯಾಕರಿನ ಆವಿಗೆ ಬೆಂಕಿ ಸೋಕಬಾರದು. ಒಳಗೆ ದೇವರ ದೀಪ ಆರಿಸುವಂತಿಲ್ಲ, ಅಡುಗೆಮನೆಯ ಒಲೆ ನಿಲ್ಲಿಸುವಂತಿಲ್ಲ. ಆದ್ದರಿಂದ ಮೂಗಿಗೆ ಮಾಸ್ಕು ಬಿಗಿದು ಮಹಡಿಯಲ್ಲಿ ಕೆಲಸ. ಬಟ್ಟೆ ಒಣಹಾಕುವ ತಂತಿಗೆ ಮೊಳೆಕೊಕ್ಕೆ ಹಾಕಿ ತೂಗುಬಿಟ್ಟ ಕೆಂಪು ಹಲಗೆಯನ್ನು ನೋಡಲು ಮೊದಲು ಬಂದವರು ಭಾವ. ಅವರದು ಹುಣಸೆಹಣ್ಣಿನ ವ್ಯಾಪಾರ. ಹಿಂದೂಪುರದ ಮಂಡಿಯಲ್ಲಿ ಹುಣಸೆಯನ್ನು ಕಣ್ಣಲ್ಲಿ ನೋಡಿ ಕೊಂಡವನು ಕೆಟ್ಟ. ಹೆಬ್ಬೆರಳ ಉಗುರು ನಾಟಿಸಿ, ಪಸೆ ಎಷ್ಟಿದೆ, ನಾರೆಷ್ಟು ಎಂದು ಅಳೆಯಬೇಕು. ನಲವತ್ತು ವರ್ಷದ ಆ ಅಭ್ಯಾಸ ಗಿಟಾರಿನ ಎದೆಯ ಮೇಲೆ ಬಿದಿಗೆ ಚಂದ್ರನನ್ನು ಮೂಡಿಸಿತು. "ಇನ್ನೂ ಪಸೆ ಇದೆ" ಎಂದು ತೀರ್ಪು ಕೊಟ್ಟು ಭಾವ ಕೆಳಗಿಳಿದರು. ಅಜ್ಜಿಯದು ಅಂಗೈ, ಮಗುವಿನ ಜ್ವರ ನೋಡಿ ರೂಢಿಯಾದದ್ದು. ಅಕ್ಕ ಮುಂದುಗಡೆ ಮುಟ್ಟುವಷ್ಟು ಅವಿವೇಕಿಯಲ್ಲ, ಹಿಂದುಗಡೆ ಮುಟ್ಟಿದಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು "ಇಂಥದ್ದನ್ನ ಎಂದೂ ಮುಟ್ಟಬಾರದು, ನೋಡು, ಹೀಗೆ" ಎಂದು ಮುಟ್ಟಿ ತೋರಿಸಿದರು. ಆಧಾರ್ ಕೇಂದ್ರದಲ್ಲೂ ಇಷ್ಟು ಸ್ಪಷ್ಟವಾದ ಬೆರಳಚ್ಚು ಬೀಳುವುದಿಲ್ಲ.

ಪ್ರತಿ ಗುರುತಿಗೂ ಮತ್ತೆ ಉಜ್ಜು, ಮತ್ತೆ ಹೊಡೆ. ಸಾಕಾದ ಅಳಿಯರಾಯ ಹಲಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕಲ್ಯಾಣದುರ್ಗಕ್ಕೆ ಹೊರಟ. ಅಲ್ಲಿ ಅವನ ದೊಡ್ಡಪ್ಪನ ಮನೆ. ಕಡಲೆಕಾಯಿ ಮೂಟೆ ಒಟ್ಟುವ ಕೋಣೆ ಖಾಲಿ ಇತ್ತು, ಬಾಗಿಲಿಗೆ ಬೀಗವೂ ಇತ್ತು. ನಾನೂ ಜೊತೆಗೆ ಹೋದೆ. ಮಡಕಶಿರಾ, ಪಾವಗಡದ ಮೇಲೆ ದಾರಿ. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ನಡುವಿನ ಪಾವಗಡ ಕರ್ನಾಟಕದ ತುಮಕೂರಿನದು. ಒಂದು ಗಿಟಾರಿನ ಮೈ ಹೀಗೆ ಮೂರು ಜಿಲ್ಲೆ, ಎರಡು ರಾಜ್ಯ ಕಂಡಿತು. ಬಸ್ಸಿನಲ್ಲಿ ಪಕ್ಕದವರು ಪಂಚೆಯ ಗಂಟನ್ನು ಒತ್ತಿ ನೋಡಿ, "ಏಮಿಟಿ ಇದಿ?" ಎಂದು ಆಂಧ್ರದಲ್ಲೂ, "ಏನಿದು?" ಎಂದು ಕರ್ನಾಟಕದಲ್ಲೂ ವಿಚಾರಿಸಿದರು. ಭಾಷೆ ಬದಲಾಯಿತು, ಬೆರಳು ಅದೇ.

ಕಲ್ಯಾಣದುರ್ಗದ ಹವೆ ಲ್ಯಾಕರಿಗೆ ಹೇಳಿ ಮಾಡಿಸಿದ್ದು. ಅನಂತಪುರ ಸೀಮೆಯಲ್ಲಿ ವರ್ಷದ ಮಳೆಯೇ 550 ಮಿಲಿಮೀಟರಿನ ಆಸುಪಾಸು. ತೇವ ಹೆಚ್ಚಾದರೆ ಲ್ಯಾಕರಿನ ಮೇಲೆ ಬೆಳ್ಳಗೆ ಮಂಜು ಕಟ್ಟುವ ಭಯ ಇಲ್ಲಿಲ್ಲ. ಆದರೆ ಆಗ ಆಷಾಢ. ಊರ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಬಾಗಿಲ ಕೆಳಗಿನಿಂದ ಕೆಮ್ಮಣ್ಣು, ಮಾಡಿನಿಂದ ಕಡಲೆಕಾಯಿ ಹೊಟ್ಟು ಒಟ್ಟೊಟ್ಟಿಗೆ ಬಂದು ಹೊಸ ಕೋಟಿನ ಮೇಲೆ ಕುಳಿತವು. ಕೊನೆಗೆ ದೊಡ್ಡಪ್ಪ ಲಾರಿ ಪೇಂಟಿಂಗ್ ಶೆಡ್ಡಿನ ಮೇಸ್ತ್ರಿಯೊಬ್ಬರನ್ನು ಕರೆತಂದರು.

ಮೇಸ್ತ್ರಿ ನೆಲಕ್ಕೆ ನೀರು ಚಿಮುಕಿಸಿದರು, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದರು. ಧೂಳಿನ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಹಲಗೆಯ ಹತ್ತಿರ ಹೋಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಮೂಸಿದರು. "ಮುಟ್ಟೊದ್ದು ಬಾಬು, ವಾಸನ ಚೂಡು. ಥಿನ್ನರ್ ವಾಸನೆ ಇರೋ ತನಕ ಒಳಗೆ ಹಸಿನೇ. ಮೇಲೆ ಒಣಗಿದ ಹಾಗೆ ಕಾಣ್ತದೆ, ನಂಬಬೇಡ." ಮೈ ಒಣಗಿದರೂ ಒಳಗಿನ ಥಿನ್ನರ್ ಆರಲು ವಾರಗಳೇ ಬೇಕು; ಅಷ್ಟು ಕಾದ ಮೇಲೆಯೇ 1500, 2000ರ ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಎಲ್ಲರೂ ಬೆರಳು ಚಾಚಿದ್ದರು. ಮೂಗು ಚಾಚಿದವರು ಇವರೊಬ್ಬರೇ.

"ಮನೆಯವರು ಮುಟ್ಟದೆ ಬಿಡಲ್ಲವಲ್ಲ ಮೇಸ್ತ್ರಿ?" ಎಂದೆ.

"ಬಿಡಲ್ಲ. ಲಾರಿ ಓನರೂ ಬಿಡಲ್ಲ" ಎಂದವರೇ ಒಂದು ಚೂರು ಪ್ಲೈವುಡ್‌ಗೆ ಅದೇ ಬಣ್ಣವನ್ನು ಅದೇ ಲೆಕ್ಕದಲ್ಲಿ ಹೊಡೆದು, ಬಾಗಿಲ ಹತ್ತಿರ, ಕೈಗೆ ಸುಲಭವಾಗಿ ಸಿಗುವ ಎತ್ತರದಲ್ಲಿ ತೂಗುಹಾಕಿದರು. "ಬಂದವರಿಗೆ ಇದು ಕೊಡಿ." ತಡೆಯಲಾಗದ ಗುಣಕ್ಕೆ ಉಪದೇಶ ಮಾಡುತ್ತ ಕೂರದೆ ಅದಕ್ಕೊಂದು ಜಾಗ ಮಾಡಿಕೊಟ್ಟ ಅವರ ತಿಳಿವಳಿಕೆ ಎಷ್ಟೋ ಸರ್ಕಾರಗಳಿಗೆ ಬಂದಿಲ್ಲ. ದೊಡ್ಡಪ್ಪ, ದೊಡ್ಡಮ್ಮ, ಹಾಲಿನವನು, ಮೀಟರ್ ಓದುವವನು, ಎಲ್ಲರೂ ಆ ಚೂರನ್ನು ಮುಟ್ಟಿ, ತಂತಮ್ಮ ಅಭಿಪ್ರಾಯ ಹೇಳಿ, ನೆಮ್ಮದಿಯಿಂದ ಹೋದರು. ಗಿಟಾರು ಒಳಗೆ ತನ್ನ ಪಾಡಿಗೆ ತಾನು ಒಣಗಿತು. ಈಗ ಅದರ ಮೈಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅಳಿಯರಾಯ ಹೆಚ್ಚಾಗಿ ಅದನ್ನೇ ಮಾಡುತ್ತಾನೆ.

ಮೇಸ್ತ್ರಿಯ ಉಪಾಯ ಈ ಬೇಸಿಗೆಯಲ್ಲಿ ಹಿಂದೂಪುರದ ಮಹಡಿಗೂ ಬಂತು. ಅಕ್ಕ ಚಾಪೆಯ ತುಂಬ ಸಂಡಿಗೆ ಇಟ್ಟಿದ್ದಳು. ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಹಾಗೆ ಒಂದು ತಟ್ಟೆಯಲ್ಲಿ ಬೇರೆಯಾಗಿ ನಾಲ್ಕು.

"ಇದ್ಯಾರಿಗಕ್ಕ?"

"ನಿನಗೇ" ಅಂದಳು.