ಕರೆಂಟು ಯಾವಾಗ ಹೋಗ್ತೈತೋ!

ಕರೆಂಟು ಹೋದರೆ ಬೈಯುವವರು ಎಲ್ಲ ಊರಲ್ಲೂ ಇದ್ದಾರೆ. ಹೋಗಲಿಲ್ಲವಲ್ಲ ಎಂದು ಕೊರಗುವವರನ್ನು ನೋಡಬೇಕಾದರೆ ನಮ್ಮ ರೂಪನಗುಡಿಗೆ ಬನ್ನಿ. ಇಲ್ಲಿಗೇ ಬರಬೇಕೆಂದೇನಿಲ್ಲ; ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ, ಕುರುಗೋಡಿನ ತೇರು ಬೀದಿಯಲ್ಲಿ ವಿಚಾರಿಸಿದರೂ ಇಂಥ ಒಬ್ಬರು ಸಿಕ್ಕಾರು. ನಮ್ಮ ಓಣಿಯವರಿಗೆ ಜನರೇಟರ್ ಮಾವ ಅಂತಲೇ ಹೆಸರು. ಹಡೆದವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಮಾವನ ಜನರೇಟರ್ ಗಣಿ ಕಡೆಯಿಂದ ಬಂದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಸಾಲ ಮಾಡಿ ಟಿಪ್ಪರ್ ತಗೊಂಡವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಅವರಲ್ಲೊಬ್ಬ ಸಿಕ್ಕ ರೇಟಿಗೆ ಮಾರಿದ 5 ಕೆವಿಎ ಡೀಸೆಲ್ ಜನರೇಟರ್ ಮಾವನ ಹಿತ್ತಲು ಸೇರಿತು. ಅಲ್ಲಿಂದ ಊರಿನ ಕತ್ತಲೆಗೆ ಮಾವನೇ ಪಟ್ಟೇದಾರರು. ಸಂಜೆ ಕರೆಂಟು ಹೋದರೆ ಮೊಬೈಲ್ ಚಾರ್ಜಿಗೆ ಹಚ್ಚಲು ಹುಡುಗರ ಪಾಳಿ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಊಟ. ಒಮ್ಮೆ ಬಯಲಾಟದಲ್ಲಿ ದುರ್ಯೋಧನ ಮೀಸೆ ತಿರುವುತ್ತ ರಂಗಕ್ಕೆ ಕಾಲಿಡುವ ಹೊತ್ತಿಗೇ ದೀಪ ಆರಿ, ಮಾವ ಜನರೇಟರ್ ಚಾಲೂ ಮಾಡಿದಾಗ ಕೌರವೇಶ್ವರ ಗದೆ ಕೆಳಗಿಟ್ಟು ಕೈಮುಗಿದನಂತೆ. ಈ ‘ಅಂತೆ’ ಕೂಡ ಮಾವನದೇ.

ಆಮೇಲೆ ಕಾಲ ಕೆಟ್ಟಿತು, ಅಂದರೆ ಸುಧಾರಿಸಿತು. ನಿರಂತರ ಜ್ಯೋತಿ ಬಂದು ಹೊಲದ ಪಂಪ್‌ಸೆಟ್ಟಿನ ಲೈನು ಬೇರೆ, ಮನೆಯ ಲೈನು ಬೇರೆ ಆಯಿತು. ಅತ್ತ ಕುಡತಿನಿಯ ಥರ್ಮಲ್ ಸ್ಥಾವರದ ಮೂರು ಘಟಕ ಸೇರಿ 1,700 ಮೆಗಾವ್ಯಾಟ್. ಹೊಸಪೇಟೆ ಬಸ್ಸಿನಲ್ಲಿ ಹೋಗುವಾಗ ಮಾವ ಆ ಚಿಮಣಿಗಳನ್ನು ನೋಡುವ ರೀತಿ, ದಾಯಾದಿ ಮನೆಯಲ್ಲಿ ಹೋಳಿಗೆ ಬೇಯುವುದನ್ನು ನೋಡಿದ ಹಾಗೆ ಇರುತ್ತದೆ.

ದುಡಿಮೆ ಕಮ್ಮಿಯಾದ ಮೇಲೆ ಯಂತ್ರಕ್ಕೆ ಆರೈಕೆ ಹೆಚ್ಚಾಯಿತು. ಭಾನುವಾರ ಒಗ್ಗಾಣಿ, ಮಿರ್ಚಿ ಬಜ್ಜಿ ಮುಗಿಸಿ ಮಾವ ಹಿತ್ತಲಿಗೆ ಇಳಿಯುತ್ತಾರೆ. ಮೊದಲು ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕುತ್ತಾರೆ. ಹಿಂದೊಮ್ಮೆ ಪಾನಾ ಜಾರಿ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಅಡ್ಡ ಬಿದ್ದು ಕಿಡಿ ಹಾರಿತ್ತು. ಇಲಿ ಕಚ್ಚಿದ ರೊಟ್ಟಿಯಂತೆ ಅಂಚು ಕರಗಿದ ಆ ಪಾನಾ ಈಗ ಪಡಸಾಲೆಯ ಶೋಕೇಸಿನಲ್ಲಿ, ಮಗನ ಕಬಡ್ಡಿ ಕಪ್ಪಿನ ಪಕ್ಕದಲ್ಲಿದೆ. ಬಂದವರಿಗೆಲ್ಲ ಅದರ ದರ್ಶನ. “ಉಂಗುರ ಆಗಿದ್ರ ಬಟ್ಟೂ ಹೋಗ್ತಿತ್ತು” ಎಂದು ಬೆರಳು ಎತ್ತಿ ತೋರಿಸದೆ ಚಹಾ ಬರುವುದಿಲ್ಲ. ವೈರು ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕಡೆಗೆ. “ಸಿಟ್ಟಾದ ಬೀಗರಿದ್ದಂಗ. ಎದ್ದು ಹೋಗೋದ್ರಾಗ ಮುಂದು, ಬರೋದ್ರಾಗ ಹಿಂದು.” ಟರ್ಮಿನಲ್ ಮೇಲೆ ಹೂತ ಬಿಳಿ ಪುಡಿಗೆ ಅಡುಗೆ ಸೋಡಾ ನೀರಿನ ಸ್ನಾನ, ಒರೆಸಿದ ಮೇಲೆ ವ್ಯಾಸಲೀನ್ ಲೇಪ.

ಬ್ಯಾಟರಿಗೆ ಕುಡಿಯಲು ಡಿಸ್ಟಿಲ್ಡ್ ವಾಟರ್. ಅದರ ಕ್ಯಾನು ಇರುವುದು ದೇವರ ಕೋಣೆಯಲ್ಲಿ. ನಮ್ಮ ಬೋರಿನ ನೀರು ಕೊಡಕ್ಕೇ ಬಿಳಿ ಪೊರೆ ಕಟ್ಟಿಸುತ್ತದೆ, ಬ್ಯಾಟರಿಯ ಪ್ಲೇಟನ್ನು ಬಿಟ್ಟೀತೆ ಎಂಬುದು ಮಾವನ ವಾದ. ವಾದ ಸರಿಯೇ. ಆದರೆ ಅತ್ತೆಯ ಪ್ರಶ್ನೆಗೆ ಮಾವ ಇದುವರೆಗೆ ಉತ್ತರ ಕೊಟ್ಟಿಲ್ಲ: “ಮೂವತ್ತು ವರ್ಷ ಆತು ನಾ ಅದೇ ಬೋರಿನ ನೀರು ಕುಡ್ಯಾಕ ಹತ್ತಿ. ನನಗ ಒಂದು ಬಾಟ್ಲಿ ನೀರು ತಂದಾರೇನು ಕೇಳು.”

ಏರ್ ಫಿಲ್ಟರ್ ಪ್ರಸಂಗ ಓಣಿಗೇ ಗೊತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾವ ಅದನ್ನು ಬಿಚ್ಚಿ ಕಟ್ಟೆಗೆ ತಟ್ಟಿದರೆ ನಾಲ್ಕು ಮನೆಯಾಚೆ ತೊಟ್ಟಿಲ ಕೂಸೂ ಸೀನುತ್ತದೆ. ಆಯಿಲ್ ನೋಡಿ, ಹೊಗೆ ಕೊಳವೆ ಕಿಟಕಿಗೆ ಬೆನ್ನು ಮಾಡಿದೆಯೋ ನೋಡಿ, ಹದಿನೈದು ನಿಮಿಷ ಓಡಿಸುತ್ತಾರೆ. ಅದೂ ಬರಿದೇ ಅಲ್ಲ, ಮನೆಯ ಲೋಡ್ ಕೊಟ್ಟು. ಅತ್ತೆಯ ಶೇಂಗಾ ಚಟ್ನಿ ಪುಡಿ, ಪಕ್ಕದ ಮನೆಯ ದೋಸೆ ಹಿಟ್ಟು, ಮೇಷ್ಟರ ಅಂಗಿಯ ಇಸ್ತ್ರಿ ಎಲ್ಲ ಆ ಹೊತ್ತಿಗೆ ಸಾಗುತ್ತವೆ. ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ ಎಂದು ಯಾರೂ ಬಾಯಿ ಬಿಡುವುದಿಲ್ಲ.

ನಾನು ಮರೆಯಲಾರದ್ದು ಆಯುಧಪೂಜೆ. ಜನರೇಟರಿಗೆ ಚೆಂಡುಹೂವಿನ ಮಾಲೆ, ಬ್ಯಾಟರಿಗೆ ವಿಭೂತಿ, ಕುಂಕುಮ. ಐನೋರು ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಮುಂದೆ ಬಂದರು. ಮಾವ ಎರಡೂ ಕೈ ಚಾಚಿ ಅಡ್ಡ ನಿಂತರು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಕೂಡಿಕೊಂಡರೆ ಒಂದು ಕಿಡಿ ಸಾಕು, ಬ್ಯಾಟರಿ ಒಡೆದು ಆಸಿಡ್ ಮುಖಕ್ಕೇ ಎಂದು ಅಲ್ಲೇ ಪಾಠ ಶುರು. ಕರ್ಪೂರ ಐನೋರ ಕೈ ಸುಡತೊಡಗಿತು. “ಮತ್ತ ಮಂಗಳಾರತಿ?” ಅಂದರು. ಮಾವ ಒಳಗೆ ಹೋಗಿ ಟಾರ್ಚ್ ತಂದು ಕೊಟ್ಟರು. ಐನೋರು ಅತ್ತಿತ್ತ ನೋಡಿ, ಗಂಟೆ ಬಾರಿಸುತ್ತ ಮೂರು ಸೆಲ್ಲಿನ ಟಾರ್ಚನ್ನು ಬ್ಯಾಟರಿಗೆ ಮೂರು ಸುತ್ತು ಬೆಳಗಿದರು. ನಾವೆಲ್ಲ ಟಾರ್ಚಿನ ಗಾಜಿನ ಮೇಲೆ ಅಂಗೈ ಇಟ್ಟು ಕಣ್ಣಿಗೆ ಒತ್ತಿಕೊಂಡೆವು.

ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಒಂದು ದಿನ ಮಾತ್ರ ನಗು ಬರಲಿಲ್ಲ. ಓಣಿಯ ಹುಡುಗನೊಬ್ಬ ಬಾಡಿಗೆ ಜನರೇಟರ್ ತಂದು, ಎರಡೂ ತುದಿಗೆ ಪಿನ್ನಿನ ವೈರು ಕಟ್ಟಿ ನೇರ ಮನೆಯ ಸಾಕೆಟ್ಟಿಗೆ ಚುಚ್ಚಲು ಹೊರಟಿದ್ದ. ಮಾವ ವೈರು ಕಸಿದುಕೊಂಡು ಕಂಬದ ಕಡೆ ಕೈ ತೋರಿಸಿದರು. ಮೇಲೆ ಲೈನ್‌ಮ್ಯಾನ್ ಇದ್ದ. “ಇಲ್ಲಿ ಚುಚ್ಚಿದ್ದು ಟ್ರಾನ್ಸ್‌ಫಾರ್ಮರಿಗೆ ಹೋಗಿ, ದೊಡ್ಡ ವೋಲ್ಟೇಜ್ ಆಗಿ ಅವನ ಕೈಗೆ ಹತ್ತತೈತಿ. ಚೇಂಜ್‌ಓವರ್ ಸ್ವಿಚ್ ಇಲ್ದ ಮನಿಗೆ ಜನರೇಟರ್ ತರಬ್ಯಾಡ.” ಮಾವ ದನಿ ಏರಿಸದೆ ಮಾತಾಡಿದ್ದನ್ನು ಕಂಡದ್ದು ಅದೊಂದೇ ಸಲ.

ಮೊನ್ನೆ ಮೇ ತಿಂಗಳ ಗಾಳಿಮಳೆಗೆ ರಾತ್ರಿ ಎಂಟಕ್ಕೆ ಊರು ಕತ್ತಲಾಯಿತು. ಮಾವ ಉಣ್ಣುತ್ತಿದ್ದ ತಟ್ಟೆ ಬಿಟ್ಟೆದ್ದರು. ಉಂಗುರ ಜೇಬಿಗೆ. ಟಾರ್ಚ್ ನನ್ನ ಕೈಗೆ. ಆಯಿಲ್ ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದು ನೋಡಿದರು. ಡೀಸೆಲ್ ನೋಡಿದರು. ಒಂದೇ ಸೆಲ್ಫ್‌ಗೆ ಇಂಜಿನ್ ಹತ್ತಿತು. “ತಡಿ, ಎರಡು ನಿಮಿಷ ಬಿಸಿ ಆಗ್ಲಿ” ಎಂದು ಚೇಂಜ್‌ಓವರ್ ಹಿಡಿಕೆಯ ಮೇಲೆ ಕೈ ಇಟ್ಟು ನಿಂತರು. ಒಂದೂವರೆ ನಿಮಿಷ ಆಗಿತ್ತೋ ಇಲ್ಲವೋ, ಬೀದಿ ದೀಪ ಹತ್ತಿತು. ಹುಡುಗರು “ಬಂತೂ!” ಎಂದು ಕೂಗಿದರು.

ಮಾವನ ಕೈ ಹಿಡಿಕೆಯ ಮೇಲೇ ಇತ್ತು. “ಇನ್ನೊಂದೀಟು ತಡಕೊಳ್ಳಾಕ ಏನಾಗಿತ್ತು ಇವ್ರಿಗೆ?”

ಒಳಗಿನಿಂದ ಅತ್ತೆಯ ದನಿ ಬಂತು: “ಹೆಂಗೂ ಚಾಲೂ ಮಾಡೀರಿ, ಬಂದ್ ಮಾಡಬ್ಯಾಡ್ರಿ. ನಾಳಿಗೆ ಹಿಟ್ಟು ರುಬ್ಕೋತೀನಿ.”

ಮಾವ ಹಿಡಿಕೆಯನ್ನು ಜನರೇಟರ್ ಕಡೆಗೆ ಎಳೆದರು.