ಏನ್ ತಗೊಂಡೆ ಮಗಾ?

ಮೇ ತಿಂಗಳಲ್ಲಿ ನಮ್ಮ ಊರಿಗೆ ಬಾದಾಮಿ ಮಾವಿನ ಹಣ್ಣೂ ಎಸ್ಸೆಸ್ಸೆಲ್ಸಿ ರಿಸಲ್ಟೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆಮೇಲೆ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಹಾಲು ತರಲು ಹೋಗಲಿ, ದೇವಸ್ಥಾನಕ್ಕೆ ಹೋಗಲಿ, ಎದುರಾಗುವುದು ಒಂದೇ ಪ್ರಶ್ನೆ: "ಏನ್ ತಗೊಂಡೆ ಮಗಾ?" ಕೇಳುವವರು ಮಾವಿನ ಹಣ್ಣಿನ ವಿಚಾರ ಕೇಳುತ್ತಿಲ್ಲ. ಹುಡುಗ "ಪಿಸಿಎಂಬಿ" ಅಂದರೆ "ಭೇಷ್" ಎಂದು ಬೆನ್ನು ತಟ್ಟುತ್ತಾರೆ. "ಪಿಸಿಎಂಸಿ" ಅಂದರೆ "ಅದೂ ಒಳ್ಳೇದೇ ಬಿಡು" ಅನ್ನುತ್ತಾರೆ. "ಪಿಸಿಎಂಇ" ಅಂದರೆ "ಯಾಕೆ, ಬೇರೆ ಸಿಗಲಿಲ್ವಾ?" ಆರ್ಟ್ಸ್ ಅಂದುಬಿಟ್ಟರೆ ಮಾತು ಥಟ್ಟನೆ ಮಳೆ ಬೆಳೆಯ ಕಡೆ ತಿರುಗುತ್ತದೆ. ಹಿಂದೆ ಗೋತ್ರ ಕೇಳಿ ಆಳನ್ನು ಅಳೆಯುತ್ತಿದ್ದ ಹಿರಿಯರಿಗೆ ಈಗ ಕಾಂಬಿನೇಷನ್ ಒಂದು ಗೊತ್ತಾದರೆ ಸಾಕು.

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರೂ ಸೈನ್ಸ್ ತಗೊಂಡ ಮುಕ್ಕಾಲು ಮಕ್ಕಳಿಗೆ ಇದ್ದೇ ಇರುತ್ತವೆ. ಮರ್ಯಾದೆ ನಿಂತಿರುವುದು ನಾಲ್ಕನೇ ಅಕ್ಷರದ ಮೇಲೆ. ಬಿ ಅಂದರೆ ಜೀವಶಾಸ್ತ್ರ, ಸಿ ಅಂದರೆ ಕಂಪ್ಯೂಟರು, ಇ ಅಂದರೆ ಎಲೆಕ್ಟ್ರಾನಿಕ್ಸು. ಎಸ್ ಅಂದರೆ ಸ್ಟ್ಯಾಟಿಸ್ಟಿಕ್ಸು. ಅದನ್ನು ತಗೊಂಡವರು ಇದ್ದಾರೆಂದು ಕೇಳಿ ಬಲ್ಲೆ. ಕಾಮರ್ಸಿನವರು ಸೀಬಾ, ಹೀಬಾ ಅಂತಲೂ ಆರ್ಟ್ಸಿನವರು ಹೆಪ್ಸ್ ಅಂತಲೂ ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಸೈನ್ಸಿನವರು ಮಾತ್ರ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಾರೆ. ಕಟ್ಟಿದ ಫೀಸು ಅಂಥದ್ದು.

ಪಿಸಿಎಂಬಿಗೆ ಇಷ್ಟು ಬೆಲೆ ಯಾಕೆಂದರೆ ಅದರಲ್ಲಿ ಎರಡು ಬಾಗಿಲು. 'ಎಂ' ಅಪ್ಪನ ಕಡೆಯದು, ಇಂಜಿನಿಯರಿಂಗಿಗೆ. 'ಬಿ' ಅಮ್ಮನ ಕಡೆಯದು, ಮೆಡಿಕಲ್ಲಿಗೆ. ಒಂದು ಮುಚ್ಚಿದರೆ ಇನ್ನೊಂದು ಇರಲಿ ಅಂತ. ಜೀವಶಾಸ್ತ್ರ ಇಷ್ಟ ಅನ್ನುವ ಕಾರಣಕ್ಕೇ ಅದನ್ನು ತಗೊಂಡವಳು ನನಗೆ ಗೊತ್ತಿರುವಂತೆ ನಮ್ಮ ಎದುರು ಮನೆಯ ಹುಡುಗಿ ಒಬ್ಬಳೇ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿ ಗಿಡಗಳ ಹುಚ್ಚು ಹಿಡಿಸಿಕೊಂಡಿದ್ದಾಳೆ. ಅವಳ ತಾಯಿ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ನೀಟ್ ಬರೀಯಲ್ಲ ಅಂತಾಳೆ ಅಣ್ಣಾ, ಬಾಟನಿ ಓದ್ತಾಳಂತೆ. ನೀವೊಂದು ಮಾತು ಹೇಳಿ" ಅಂದರು. ನಾನು ಹೇಳಿದೆ. ಅವಳು ನನಗೆ ನಮ್ಮದೇ ಕಾಂಪೌಂಡಿನಲ್ಲಿ ಬೆಳೆದಿದ್ದ ನೆಲನೆಲ್ಲಿಯ ಎಲೆಯ ಕೆಳಗಡೆ ಸಾಲಾಗಿ ನೇತಾಡುವ ಕಾಯಿಗಳನ್ನು ತೋರಿಸಿ ಕಳಿಸಿದಳು.

ಈ 'ಬಿ'ಗೆ ಇನ್ನೊಂದು ಕಿರುಬಾಗಿಲೂ ಇದೆ, ಬಿಎಸ್ಸಿ ಅಗ್ರಿಗೆ. ಕೃಷಿಕರ ಕೋಟಾದಲ್ಲಿ ಸೀಟು ಕೇಳುವ ರೈತರ ಮಕ್ಕಳಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇಟ್ಟಿದ್ದಾರೆ: ಎದುರಿಗಿಟ್ಟ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕು. ಇದಕ್ಕೂ ತರಬೇತಿ ಕೊಡುವವರು ಹುಟ್ಟಿಕೊಂಡಿದ್ದಾರೆ. ಹಾಸ್ಟೆಲಿನಲ್ಲಿ ಎರಡು ವರ್ಷ ಜೀವಕೋಶದ ಒಳಗೆಲ್ಲ ಸುತ್ತಿ ಬಂದ ಹುಡುಗ ನವಣೆ ಯಾವುದು, ಸಾಮೆ ಯಾವುದು ಎಂದು ದುಡ್ಡು ಕೊಟ್ಟು ಕಲಿಯುತ್ತಿದ್ದರೆ ಊರಿನಲ್ಲಿ ಅವನ ಅಜ್ಜಿ ಅದನ್ನೇ ಮೊರದಲ್ಲಿ ಕೇರುತ್ತಾ ಕೂತಿರುತ್ತಾಳೆ.

ಸರ್ಕಾರದ ಲೆಕ್ಕದಲ್ಲಿ ಪಿಯು ವಿಜ್ಞಾನಕ್ಕೆ ಇರುವುದು ಒಂದೇ ಮಟ್ಟ. ಮಟ್ಟಗಳನ್ನು ಕಟ್ಟಿದ್ದು ಕಾಲೇಜುಗಳು. ಒಂದೇ ಕಟ್ಟಡ, ಒಂದೇ ಪಠ್ಯ. ಒಳಗೆ ಮಾತ್ರ ಐಐಟಿ ಬ್ಯಾಚು, ನೀಟ್ ಬ್ಯಾಚು, ಸಿಇಟಿ ಬ್ಯಾಚು, ಬೋರ್ಡ್ ಬ್ಯಾಚು. ನ್ಯೂಟನ್ನನ ಎರಡನೇ ನಿಯಮ ಈ ನಾಲ್ಕು ಕೋಣೆಗಳಲ್ಲಿ ನಾಲ್ಕು ಅವತಾರ ತಾಳುತ್ತದೆ. ಐಐಟಿ ಬ್ಯಾಚಿನಲ್ಲಿ ಒಂದು ದಿಮ್ಮಿ ಇಳಿಜಾರು ಹಲಗೆಯ ಮೇಲೆ, ಹಲಗೆ ಗಾಡಿಯ ಮೇಲೆ, ಗಾಡಿ ಮೇಲೇರುತ್ತಿರುವ ಲಿಫ್ಟಿನ ಒಳಗೆ. ಇವನ್ನೆಲ್ಲ ಅಲ್ಲಿಗೆ ಸಾಗಿಸಿದವರು ಯಾರು ಎಂದು ಕೇಳುವ ಹಾಗಿಲ್ಲ. ನೀಟ್‌ನಲ್ಲಿ 720 ಅಂಕಕ್ಕೆ 360 ಜೀವಶಾಸ್ತ್ರದ್ದೇ ಆದ್ದರಿಂದ ಆ ಬ್ಯಾಚಿನವರು ನ್ಯೂಟನ್ನನನ್ನು ದೂರದ ನೆಂಟನ ಹಾಗೆ ಮಾತಾಡಿಸಿ ಕಳಿಸುತ್ತಾರೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ನಿಯಮ ಬೇಕಿಲ್ಲ, ಶಾರ್ಟ್‌ಕಟ್ ಬೇಕು, ಅದೂ ಆಗದಿದ್ದರೆ ನಾಲ್ಕರಲ್ಲಿ ಮೂರನ್ನು ಹೊಡೆದುಹಾಕುವ ಕೈಚಳಕ. ಬೋರ್ಡ್ ಬ್ಯಾಚಿನವರಿಗೆ ಡಿರೈವೇಷನ್ ಐದು ಅಂಕಕ್ಕೆ ಬರುತ್ತದೆ. ಅವರು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಪಾಪ, ಪೂರ್ತಿ ಬರೆಯುತ್ತಾರೆ. ನನ್ನನ್ನು ಕೇಳಿದರೆ ಆ ನಿಯಮ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ನೋಡಿದವರು ನಾಲ್ವರಲ್ಲಿ ಅವರೊಬ್ಬರೇ. ಆದರೆ ವಾರ್ಷಿಕೋತ್ಸವದ ಫ್ಲೆಕ್ಸಿನಲ್ಲಿ ಅವರ ಫೋಟೊ ಇರುವುದಿಲ್ಲ.

ಈಗ ಈ ಬ್ಯಾಚುಗಳು ಕೆಳಕ್ಕೂ ಇಳಿದಿವೆ. ಎಂಟನೇ ಕ್ಲಾಸಿಗೇ ಫೌಂಡೇಶನ್ ಕೋರ್ಸು. ಧ್ವನಿ ಒಡೆಯುವ ಮೊದಲೇ ಹುಡುಗ ಐಐಟಿಗೆ ತಯಾರಾಗಬೇಕು. ಇದರಿಂದ ನಮ್ಮ ಮನೆಯಲ್ಲೊಂದು ಫಜೀತಿಯೂ ಆಯಿತು. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗನನ್ನು ಅಲ್ಲಿನ ಶಾಲೆಯವರು ವಿಜ್ಞಾನದಲ್ಲಿ ಫೌಂಡೇಶನ್‌ಗೆ ಹಾಕಿದ್ದಾರೆಂದು ಫೋನಿನಲ್ಲಿ ಕೇಳಿದ ನಮ್ಮಮ್ಮ ಆಂಜನೇಯನ ಗುಡಿಗೆ ಹೋಗಿ ಒಡೆಮಾಲೆ ಹಾಕಿಸಿಬಿಟ್ಟರು. ಅಲ್ಲಿ ಹದಿನಾರರ ಹರೆಯದಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ವಿಜ್ಞಾನ ಎರಡು ಅಂತಸ್ತಿನಲ್ಲಿದೆ. ಮೇಲಿನದು ಹೈಯರ್, ಕೆಳಗಿನದು ಫೌಂಡೇಶನ್. 9 ಅತ್ಯುತ್ತಮ ಶ್ರೇಣಿ. ಫೌಂಡೇಶನ್ ಬರೆದವರಿಗೆ ಎಷ್ಟೇ ಚೆನ್ನಾಗಿ ಬರೆದರೂ 5ರ ಮೇಲೆ ಸಿಗುವುದಿಲ್ಲ. ಇದರ ಜೊತೆಗೆ ಮೂರು ವಿಜ್ಞಾನಗಳನ್ನು ಸೇರಿಸಿ ಎರಡು ವಿಷಯದ ಲೆಕ್ಕಕ್ಕೆ ತರುವ ಕಂಬೈನ್ಡ್ ಒಂದು, ಮೂರನ್ನೂ ಬಿಡಿಬಿಡಿಯಾಗಿ ಓದುವ ಟ್ರಿಪಲ್ ಇನ್ನೊಂದು. ತಂಗಿ ಇದನ್ನೆಲ್ಲ ವಿವರಿಸುವಷ್ಟರಲ್ಲಿ ಅಮ್ಮ ಒಡೆಯ ಪ್ರಸಾದವನ್ನು ಬೀದಿಗೆಲ್ಲ ಹಂಚಿಯಾಗಿತ್ತು. "ಇರಲಿ ಬಿಡು, ಆಂಜನೇಯನಿಗೆ ಗೊತ್ತಾಗಲ್ಲ" ಅಂದರು.

ನಮ್ಮಲ್ಲೂ ಇಂಥದ್ದು ಇಲ್ಲವೆಂದಲ್ಲ. ಸಿಬಿಎಸ್‌ಇಯವರು 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಗಣಿತವನ್ನು ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಮಾಡಿದರು. ಪಾಠ ಒಂದೇ, ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ನಮ್ಮ ಸೋದರಮಾವನನ್ನು ಕೇಳಿದರೆ ಅವರ ಕಾಲದ ಹೈಸ್ಕೂಲಿನಲ್ಲೇ ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತಂತೆ. ಹದಿಮೂರು ವರ್ಷಕ್ಕೇ ಹಣೆಬರಹ ತೀರ್ಮಾನ. ಇದಕ್ಕೆ ತಡೆ ಹಾಕಬೇಕೆಂದವರು ಡಿ.ಎಸ್. ಕೊಠಾರಿ. ಸ್ವತಃ ಭೌತವಿಜ್ಞಾನಿ. 1964–66ರಲ್ಲಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ ಮೊದಲ ಹತ್ತು ವರ್ಷ ವಿಜ್ಞಾನ, ಗಣಿತ ಎಲ್ಲ ಮಕ್ಕಳಿಗೂ ಇರಲೇಬೇಕು ಎಂದಿತು. ಗೌಡರ ಮಗನಿಗೂ ಗಾರೆ ಕೆಲಸದವರ ಮಗಳಿಗೂ ಒಂದೇ ದ್ಯುತಿಸಂಶ್ಲೇಷಣೆ. ನನಗಂತೂ ಇದು ಆ ಆಯೋಗದ ಬಹು ದೊಡ್ಡ ಮಾತು ಎನ್ನಿಸುತ್ತದೆ. ಕಷ್ಟದ ಮಗುವಿಗೆ ಸುಲಭದ ಪತ್ರಿಕೆ ಕೊಡುವುದರಲ್ಲಿ ಕರುಣೆ ಇದೆ, ನಿಜ; ಆದರೆ ಕರುಣೆ ತೋರಿಸುವವರು ಬಾಗಿಲನ್ನೂ ಎಳೆದುಕೊಂಡು ಹೋಗುತ್ತಾರೆ.

ಬ್ಯಾಚುಗಳ ಗರ್ವ ಇಳಿಯುವ ಜಾಗ ಒಂದಿದೆ, ಲ್ಯಾಬು. ಲ್ಯಾಬು ಇರುವ ಪ್ರತಿ ವಿಷಯದ ನೂರರಲ್ಲಿ 30 ಅಂಕ ಅಲ್ಲಿವೆ. ಎಷ್ಟೋ ಕಾಲೇಜುಗಳಲ್ಲಿ ಅದರ ಬೀಗ ತೆಗೆಯುವುದೇ ಪರೀಕ್ಷೆ ಹತ್ತಿರ ಬಂದಾಗ. ನಾನು ಓದಿದ ಕಾಲೇಜಿನ ಲ್ಯಾಬು ಇನ್ನೂ ಮೂಗಿನಲ್ಲಿದೆ: ಅಮೋನಿಯ, ಸ್ಪಿರಿಟ್ಟು, ತುಕ್ಕು ಹಿಡಿದ ಸ್ಟ್ಯಾಂಡು. ಸರಳ ಲೋಲಕದ ದಾರ ಕಟ್ಟಿ 20 ಆಂದೋಲನ ಎಣಿಸಬೇಕು. ಎಣಿಕೆ ಹದಿಮೂರಕ್ಕೆ ಬರುವಾಗ ಪಕ್ಕದವನು "ಲೇ, ರಬ್ಬರ್ ಕೊಡೋ" ಅನ್ನುತ್ತಾನೆ. ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಮೊದಲೇ ಗೊತ್ತಿದ್ದುದರಿಂದ ಎಲ್ಲರೂ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಬರೆಯುತ್ತಿದ್ದರು. ಇಡೀ ಕ್ಲಾಸಿಗೆ 9.8. ಒಬ್ಬಳು ಮಾತ್ರ 9.3 ಎಂದು ಬರೆದು ರೆಕಾರ್ಡಿಗೆ ಸಹಿ ಸಿಗದೆ ಅತ್ತಳು. ಆ ಮಧ್ಯಾಹ್ನ ಅಲ್ಲಿ ಪ್ರಯೋಗ ಮಾಡಿದ್ದು ಅವಳೊಬ್ಬಳೇ.

ಲವಣ ವಿಶ್ಲೇಷಣೆಯ ದಿನ ಅಟೆಂಡರ್ ದೇವರು. ಪೊಟ್ಟಣ ಕೈಗಿಡುತ್ತಾ, ತುಟಿ ಅಲುಗಿಸದೆ, "ಹಸಿರು ಉರಿ" ಅನ್ನುತ್ತಿದ್ದರು. ಬೇರಿಯಂ. "ಇಟ್ಟಿಗೆ" ಅಂದರೆ ಕ್ಯಾಲ್ಸಿಯಂ. ಬಿಡಿಸಿ ಹೇಳುತ್ತಿರಲಿಲ್ಲ, ಅಷ್ಟು ಕಲಿತಿರದ ಹುಡುಗನಿಗೆ ಸುಳಿವು ಕೊಟ್ಟೂ ಉಪಯೋಗವಿರಲಿಲ್ಲ. ಉಪನ್ಯಾಸಕರ ಪ್ರಶ್ನೆಗಳಿಗಿಂತ ಅವರ ಪರೀಕ್ಷೆ ನ್ಯಾಯವಾಗಿತ್ತು. ಇನ್ನು ಬಯಾಲಜಿ ಲ್ಯಾಬಿನ ಹೊರಗೆ ರಿಯೋ ಗಿಡದ ಕುಂಡಗಳು. ಎಲೆಯ ಕೆಳಗಿನ ನೇರಳೆ ಸಿಪ್ಪೆಯನ್ನು ಬ್ಲೇಡಿನಲ್ಲಿ ಎಬ್ಬಿಸಿ ಉಪ್ಪು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ ಕೋಶದ ಬಣ್ಣವೆಲ್ಲ ಗೋಡೆ ಬಿಟ್ಟು ನಡುವಿಗೆ ಮುದುಡಿಕೊಳ್ಳುತ್ತದೆ. ಮೊದಲ ಸಲ ಕಂಡವರು "ಅಯ್ಯೋ, ನೋಡ್ರೋ" ಅನ್ನದೆ ಇರುವುದಿಲ್ಲ, ಯಾವ ಬ್ಯಾಚಿನವರೇ ಆಗಿರಲಿ. ಪರೀಕ್ಷೆ ಮುಗಿಯುವ ಹೊತ್ತಿಗೆ ಕುಂಡಗಳಲ್ಲಿ ಬರೀ ಬೋಳು ದಂಟು.

ಇಷ್ಟೆಲ್ಲ ಗಲಾಟೆ ಸೈನ್ಸಿನವರದು. ಹೆಪ್ಸ್ ತಗೊಂಡವರಿಗೆ ವಿಜ್ಞಾನ ಹದಿನಾರಕ್ಕೆ ಮುಗಿದುಹೋಗುತ್ತದೆ ಎಂದುಕೊಂಡಿದ್ದೆ. ಮೊನ್ನೆ ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಹಳೇ ಪುಸ್ತಕದ ಅಂಗಡಿಗೆ ಹೋದರೆ ಬೇರೆಯೇ ಲೆಕ್ಕ. ಮೂಲೆಯಲ್ಲಿ ಐಐಟಿ, ನೀಟ್ ಮೆಟೀರಿಯಲ್ಲು ಆಳೆತ್ತರ ಬಿದ್ದಿತ್ತು, ಅರ್ಧಕ್ಕರ್ಧ ಬರೆಯದೆ ಬಿಟ್ಟದ್ದು. "ಅದು ಕೆ.ಜಿ. ಲೆಕ್ಕ ಸಾರ್, ಹೊರೆಗಟ್ಲೆ ಬರುತ್ತೆ" ಅಂದ. ಗಲ್ಲಾ ಪಕ್ಕದಲ್ಲಿ, ಕೈಗೆ ಸಿಗದಂತೆ, ಎಂಟರಿಂದ ಹತ್ತರವರೆಗಿನ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳನ್ನು ದಾರ ಕಟ್ಟಿ ಇಟ್ಟಿದ್ದ. ಹತ್ತನೆಯದನ್ನು ತೆಗೆದು ನೋಡಿದೆ. ಯಾರೋ ಮಾನವನ ಕಣ್ಣಿನ ಚಿತ್ರಕ್ಕೆ ಮೀಸೆ ಬರೆದಿದ್ದರು. ಬೆಲೆ ಕೇಳಿದರೆ ಹೊಸ ಪುಸ್ತಕಕ್ಕಿಂತ ಜಾಸ್ತಿ ಹೇಳಿದ.

"ಇದೇನಯ್ಯಾ ಅನ್ಯಾಯ?"

"ಒಂದೇ ಸೆಟ್ ಇರೋದು ಸಾರ್. ಸಂಜೆ ಕೆಎಎಸ್‌ಗೆ ಓದೋ ಹುಡುಗ್ರು ಬರ್ತಾರೆ, ಎಲ್ಲಾ ಆರ್ಟ್ಸಿನವರು. ಪ್ರಿಲಿಮ್ಸ್‌ಗೆ ಸೈನ್ಸು ಬೇಕಲ್ಲ. ನೀವು ತಗೊಳ್ಳಲ್ಲ ಅಂದ್ರೆ ಇಡಿ."